ಬೆರಗು: ಕನ್ನಡದ ವಿಸ್ಮಯಸೂಚಕ ಪದಗಳು

ಬೆರಗು ಎಂದರೆ ನಿರೀಕ್ಷೆಗೆ ಮೀರಿದ್ದನ್ನು ಕಂಡಾಗ ಅಥವಾ ಕೇಳಿದಾಗ ಮನಸ್ಸು ತನ್ನ ಎಂದಿನ ಓಟವನ್ನು ಒಮ್ಮೆಲೇ ನಿಲ್ಲಿಸುವ ಸ್ಥಿತಿ; ಆ ಸ್ಥಿತಿಯನ್ನು ಹೇಳುವ ಅಚ್ಚಗನ್ನಡ ಪದವೂ ಇದೇ. ಅಚ್ಚರಿ, ಸೋಜಿಗ, ಚೋದ್ಯ, ವಿಸ್ಮಯ, ಆಶ್ಚರ್ಯ, ಅದ್ಭುತ, ಬೆಕ್ಕಸ, ನಿಬ್ಬೆರಗು, ದಂಗು, ದಿಗ್ಭ್ರಮೆ ಮುಂತಾದವು ಇದರ ನೆರೆಯ ಪದಗಳು. ಇವನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಕೊಡುವ ರೂಢಿಯಿದೆ. ಆದರೆ ಇವುಗಳ ಮೂಲ, ವಾಕ್ಯದಲ್ಲಿ ನಿಲ್ಲುವ ರೀತಿ, ತೀವ್ರತೆ, ಬಳಕೆಯ ಸಂದರ್ಭ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅನೇಕ ವಾಕ್ಯಗಳು ಕೆಡುತ್ತವೆ.

ಈ ಲೇಖನದಲ್ಲಿ ‘ವಿಸ್ಮಯಸೂಚಕ ಪದ’ ಎಂಬುದನ್ನು ಈ ಇಡೀ ಗುಂಪಿಗೆ, ‘ಬೆರಗು’ ಎಂಬುದನ್ನು ಆ ಒಂದು ಪದಕ್ಕೆ ಮಾತ್ರ ಬಳಸಲಾಗಿದೆ.

ಮೂಲ

ಈ ಗುಂಪಿನ ಪದಗಳು ಮೂರು ಕಡೆಯಿಂದ ಬಂದಿವೆ: ದ್ರಾವಿಡ ಮೂಲ, ಸಂಸ್ಕೃತ ಮತ್ತು ಪ್ರಾಕೃತ, ಫಾರಸಿ ಮತ್ತು ಉರ್ದು.

ಬೆರಗು ದ್ರಾವಿಡ ಪದ. ಹಳಗನ್ನಡದಲ್ಲಿ ಇದನ್ನು ಶಕಟರೇಫದೊಂದಿಗೆ ‘ಬೆಱಗು’ ಎಂದು ಬರೆಯುತ್ತಿದ್ದರು; ನಡುಗನ್ನಡದ ಕಾಲಕ್ಕೆ ಱ ಅಕ್ಷರ ರ ದಲ್ಲಿ ಬೆರೆತುಹೋದ ಮೇಲೆ ಈಗಿನ ರೂಪ ನೆಲೆಗೊಂಡಿತು. ತೆಲುಗಿನಲ್ಲಿ ಇದರ ಜ್ಞಾತಿಪದ ‘ವೆಱಗು’. ಕನ್ನಡದ ಪದಾದಿ ಬಕಾರಕ್ಕೆ ತಮಿಳು, ತೆಲುಗುಗಳಲ್ಲಿ ವಕಾರ ಇರುವುದು ಕ್ರಮಬದ್ಧ ಸಂವಾದ. ಕನ್ನಡದ ಬೇರು, ಬೆಳ್ಳಿಗಳಿಗೆ ತಮಿಳಿನಲ್ಲಿ ವೇರ್, ವೆಳ್ಳಿ ಇರುವಂತೆ. ಹಳೆಯ ಪ್ರಯೋಗಗಳಲ್ಲಿ ಬೆಱಗು ವಿಸ್ಮಯದ ಜೊತೆಗೆ ಕಂಗಾಲು, ಅಂಜಿಕೆಗಳನ್ನೂ ಸೂಚಿಸುತ್ತಿತ್ತು. ಇಂದಿನ ಕನ್ನಡದಲ್ಲಿ ಅಂಜಿಕೆಯ ಛಾಯೆ ಬಹುಮಟ್ಟಿಗೆ ಅಳಿದಿದೆ, ಸ್ತಬ್ಧವಾಗಿ ನಿಂತುಬಿಡುವ ಅರ್ಥ ಉಳಿದಿದೆ. ಬೆಕ್ಕಸ ಪದಕ್ಕೂ ತೆಲುಗಿನಲ್ಲಿ ‘ವೆಕ್ಕಸಮು’ ಎಂಬ ಜೊತೆಯಿದೆ. ಅಲ್ಲಿ ಅದರ ಅರ್ಥ ‘ಅತಿಶಯ’, ‘ಸಹಿಸಲಾಗದಷ್ಟು’ ಎಂಬ ಕಡೆಗೆ ವಾಲಿದೆ.

ಅಚ್ಚರಿ ಸಂಸ್ಕೃತದ ಆಶ್ಚರ್ಯದಿಂದ ಪ್ರಾಕೃತದ ದಾರಿಯಲ್ಲಿ ಬಂದ ತದ್ಭವ. ಪಾಲಿ ಭಾಷೆಯಲ್ಲಿ ಇದರ ರೂಪ ‘ಅಚ್ಛರಿಯ’. ತತ್ಸಮವೂ ತದ್ಭವವೂ ಕನ್ನಡದಲ್ಲಿ ಒಟ್ಟಿಗೆ ಬಾಳುತ್ತಿವೆ. ಮಾತಿನಲ್ಲಿ ಆಶ್ಚರ್ಯ ಹೆಚ್ಚು, ಪತ್ರಿಕೆಯ ತಲೆಬರಹದಲ್ಲಿ ಅಚ್ಚರಿ ಹೆಚ್ಚು. ಸಾಮಾನ್ಯವಾಗಿ ತದ್ಭವ ಮನೆಮಾತಿಗೆ, ತತ್ಸಮ ಬರಹಕ್ಕೆ ಸಲ್ಲುತ್ತದೆ. ಇಲ್ಲಿ ಕ್ರಮ ತಿರುಗುಮುರುಗಾಗಿರುವುದು ಗಮನಾರ್ಹ. ಆಶ್ಚರ್ಯ ಶಬ್ದದ ಬಗ್ಗೆ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಪ್ರತ್ಯೇಕ ಸೂತ್ರವೇ ಇದ್ದು, ‘ನಿತ್ಯವಲ್ಲದ್ದು’ ಎಂಬ ಅರ್ಥದಲ್ಲಿ ಅದು ಸಿದ್ಧವಾಗುತ್ತದೆಂದು ಹೇಳಲಾಗಿದೆ. ದಿನವೂ ಆಗುವುದು ಆಶ್ಚರ್ಯವಲ್ಲ ಎಂಬ ತಿಳಿವು ವ್ಯಾಕರಣದ ನಿಯಮದಲ್ಲೇ ಅಡಗಿದೆ.

ಸೋಜಿಗವನ್ನು ಚೋದ್ಯ ಪದದ ತದ್ಭವವೆಂದು ವ್ಯಾಕರಣದ ಪಟ್ಟಿಗಳು ಕೊಡುತ್ತವೆ. ವಿಸ್ಮಯದ ಧಾತು ‘ಸ್ಮಿ’. ಅದರ ಅರ್ಥ ಮುಗುಳ್ನಗು, ಸ್ಮಿತ ಎಂಬುದೂ ಅದೇ ಧಾತುವಿನದು. ಚಕಿತ ಎಂಬುದಕ್ಕೆ ಸಂಸ್ಕೃತದಲ್ಲಿ ನಡುಗಿದವನು, ಹೆದರಿದವನು ಎಂಬ ಅರ್ಥ ಮುಂಚೂಣಿಯಲ್ಲಿದೆ. ಕನ್ನಡದಲ್ಲಿ ಚಕಿತನಾದವನು ಹೆದರಿರಬೇಕಿಲ್ಲ. ದಿಗ್ಭ್ರಮೆ ಎಂದರೆ ದಿಕ್ಕು ತಪ್ಪಿದ ಭ್ರಮೆ. ಸಂಭ್ರಮ ಪದ ಇನ್ನೂ ದೂರ ಸರಿದಿದೆ: ಗಡಿಬಿಡಿ, ತಳಮಳ ಎಂಬ ಮೂಲಾರ್ಥ ಬಿಟ್ಟು ಕನ್ನಡದಲ್ಲಿ ಹಬ್ಬದ ಸಡಗರವಾಗಿದೆ.

ದಂಗು ಫಾರಸಿಯ ‘ದಂಗ್’ ಎಂಬುದರಿಂದ ಬಂದದ್ದು. ಹಿಂದಿ, ಉರ್ದುಗಳಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಕನ್ನಡ ಇದಕ್ಕೆ ಉಕಾರ ಸೇರಿಸಿ, ದಂಗಾಗು, ದಂಗುಬಡಿ, ದಂಗುಬಡಿಸು ಎಂದು ತನ್ನದಾಗಿಸಿಕೊಂಡಿದೆ.

ಪದರಚನೆ ಮತ್ತು ವಾಕ್ಯರಚನೆ

ವಿಸ್ಮಯಸೂಚಕ ಪದಗಳಲ್ಲಿ ಹೆಚ್ಚಿನವು ನಾಮಪದಗಳು. ಆಗು, ಪಡು, ಕೊಳ್ಳು, ಗೊಳಿಸು, ಪಡಿಸು ಎಂಬ ಸಹಾಯಕ ಧಾತುಗಳ ನೆರವಿನಿಂದ ಕ್ರಿಯಾಪದವಾಗುತ್ತವೆ. ಹಳಗನ್ನಡದಲ್ಲಿ ‘ಪಡು’ ಸಂಧಿಯಲ್ಲಿ ‘ವಡು’ ಅಥವಾ ‘ಬಡು’ ಆಗಿ ಬೆಱಗುವಡು, ಅಚ್ಚರಿವಡು, ಬೆಕ್ಕಸಂಬಡು ಎಂಬ ರೂಪಗಳಿದ್ದವು. ಸಮಾಸದಲ್ಲಿ ಬೆರಗುಗಣ್ಣು, ಬೆಕ್ಕಸಬೆರಗು ಬಳಕೆಯಲ್ಲಿವೆ. ಬೆಕ್ಕಸಬೆರಗಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥದ ಎರಡು ಪದಗಳು ಜೋಡಿಯಾಗಿ ತೀವ್ರತೆ ಹೆಚ್ಚಿಸಿವೆ. ಬೆಕ್ಕಸ ಒಂಟಿಯಾಗಿ ಈಗ ಹಳೆಯ ಕಾವ್ಯದ ಓದುಗರಿಗೆ ಮಾತ್ರ ಪರಿಚಿತ. ಜೋಡಿಯಲ್ಲಿ ಮಾತ್ರ ಅದು ಇಂದಿಗೂ ಬದುಕಿದೆ.

ಈ ಪದಗಳ ನಡುವಿನ ನಿಜವಾದ ವ್ಯತ್ಯಾಸ ಕಾಣಿಸುವುದು ವಿಭಕ್ತಿಯಲ್ಲಿ. ‘ನನಗೆ ಆಶ್ಚರ್ಯವಾಯಿತು’, ‘ನನಗೆ ಅಚ್ಚರಿಯಾಯಿತು’, ‘ನನಗೆ ಸೋಜಿಗವಾಯಿತು’ ಎಂಬ ವಾಕ್ಯಗಳಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ. ಹಸಿವು, ಬಾಯಾರಿಕೆ, ಸಂತೋಷಗಳಂತೆ ಆಶ್ಚರ್ಯವೂ ಹೊರಗಿನಿಂದ ಬಂದು ಅವನಿಗೆ ‘ಆಗುತ್ತದೆ’. ‘ನಾನು ಬೆರಗಾದೆ’, ‘ನಾನು ದಂಗಾದೆ’, ‘ನಾನು ಚಕಿತನಾದೆ’ ಎಂಬಲ್ಲಿ ಅವನು ಪ್ರಥಮೆಯಲ್ಲಿದ್ದಾನೆ. ಅನುಭವ ಅವನಿಗೆ ತಗಲುವ ಬದಲು ಅವನೇ ಅದಾಗಿ ಮಾರ್ಪಡುತ್ತಾನೆ. ‘ನಾನು ಆಶ್ಚರ್ಯವಾದೆ’ ಎಂದಾಗಲಿ, ‘ನನಗೆ ದಂಗಾಯಿತು’ ಎಂದಾಗಲಿ ಕನ್ನಡಿಗರು ಹೇಳುವುದಿಲ್ಲ. ಆಶ್ಚರ್ಯವನ್ನು ಪ್ರಥಮೆಯ ವಾಕ್ಯಕ್ಕೆ ತರಬೇಕಾದರೆ ಪಡು ಅಥವಾ ಗೊಳ್ಳು ಬೇಕೇ ಬೇಕು: ‘ನಾನು ಆಶ್ಚರ್ಯಪಟ್ಟೆ’, ‘ಆಶ್ಚರ್ಯಗೊಂಡೆ’.

ನಿಷೇಧದಲ್ಲೂ ಇದೇ ಭೇದ. ‘ಅವನು ಸೋತದ್ದರಲ್ಲಿ ಆಶ್ಚರ್ಯವೇನಿಲ್ಲ’ ಎಂಬುದು ಸಹಜ ವಾಕ್ಯ. ‘ಅಚ್ಚರಿಯೇನಿಲ್ಲ’, ‘ಸೋಜಿಗವೇನಿಲ್ಲ’ ಎಂಬುವೂ ಸಲ್ಲುತ್ತವೆ. ಆ ಜಾಗದಲ್ಲಿ ಬೆರಗನ್ನೋ ದಂಗನ್ನೋ ಇಡಲಾಗದು. ಕಾರಣವೂ ಸ್ಪಷ್ಟ. ಆಶ್ಚರ್ಯ, ಅಚ್ಚರಿ, ಸೋಜಿಗಗಳು ಸಂಗತಿಯಲ್ಲಿ ಇರಬಹುದಾದ ಗುಣಗಳು. ‘ಆಶ್ಚರ್ಯದ ಸಂಗತಿ’, ‘ಸೋಜಿಗದ ಮಾತು’ ಎನ್ನಬಹುದು. ಬೆರಗು ಮತ್ತು ದಂಗು ನೋಡುವವನಲ್ಲಿ ಮಾತ್ರ ಇರುತ್ತವೆ. ಅದ್ಭುತ ಈ ಎರಡು ಬಗೆಗಳಾಚೆ, ಪೂರ್ತಿಯಾಗಿ ವಸ್ತುವಿನ ಕಡೆ ನಿಂತಿದೆ: ನೋಟ ಅದ್ಭುತ, ನೋಡುವವನು ಅದ್ಭುತನಾಗುವುದಿಲ್ಲ. ನಿಘಂಟಿನ ಸಮಾನಾರ್ಥಕ ಪಟ್ಟಿ ಹಿಡಿದು ಬರೆಯುವ ಹೊಸ ಕಲಿಕೆಗಾರರು ಎಡವುವುದು ಇಲ್ಲೇ, ಹಾಗಾಗಿ ವ್ಯಾಕರಣ ಪಾಠದಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಲ್ಲಬೇಕು.

ಪದವಿಲ್ಲದೆ ಕೇವಲ ಪ್ರತ್ಯಯದಿಂದಲೂ ಕನ್ನಡ ವಿಸ್ಮಯ ಸೂಚಿಸುತ್ತದೆ. ಕ್ರಿಯಾಪದದ ಕೊನೆಗೆ ಸೇರುವ ‘ಅಲ್ಲ’ ಇದರಲ್ಲಿ ಮುಖ್ಯ. ‘ಮಳೆ ಬಂತು’ ಎಂಬುದು ವರದಿ, ‘ಮಳೆ ಬಂತಲ್ಲ!’ ಎಂಬುದು ಆ ಕ್ಷಣದಲ್ಲಿ ತಿಳಿದದ್ದರ ಅಚ್ಚರಿ. ‘ಬಿಡು’ ಧಾತುವೂ ಅವಧಾರಣೆಯ ಏಕಾರವೂ ಸೇರಿದರೆ ತೀವ್ರತೆ ಏರುತ್ತದೆ: ‘ಬಂದೇಬಿಟ್ಟಿತಲ್ಲ!’ ಹೀಗೆ ಅನಿರೀಕ್ಷಿತ ತಿಳಿವಳಿಕೆಯನ್ನು ವ್ಯಾಕರಣದ ಮೂಲಕವೇ ಗುರುತಿಸುವ ವಿಧಾನ ಜಗತ್ತಿನ ಹಲವು ಭಾಷೆಗಳಲ್ಲಿದೆ; ಅಮೆರಿಕದ ಭಾಷಾವಿಜ್ಞಾನಿ ಸ್ಕಾಟ್ ಡಿಲ್ಯಾನ್ಸಿ 1997ರಲ್ಲಿ ಇದನ್ನು ಪ್ರತ್ಯೇಕ ವ್ಯಾಕರಣ ವರ್ಗವಾಗಿ ಚರ್ಚಿಸಿದ ಮೇಲೆ ಅದರ ಅಧ್ಯಯನ ವಿಸ್ತರಿಸಿತು.

ತೀವ್ರತೆಯ ಬಗೆಗಳು

ಅಚ್ಚರಿ ಈ ಗುಂಪಿನ ಸಾಮಾನ್ಯ ಪದ. ಸಣ್ಣದಕ್ಕೂ ದೊಡ್ಡದಕ್ಕೂ ಸಲ್ಲುತ್ತದೆ. ಸೋಜಿಗದಲ್ಲಿ ‘ಇದು ಹೇಗೆ ಸಾಧ್ಯ’ ಎಂಬ ಪ್ರಶ್ನೆ ಸೇರಿರುತ್ತದೆ. ವಿಸ್ಮಯದಲ್ಲಿ ಗೌರವದ ಅಂಶವಿದೆ, ನಿಸರ್ಗ, ವಿಶ್ವ, ದೈವಗಳ ಸಂದರ್ಭದಲ್ಲಿ ಅದು ಹೊಂದುತ್ತದೆ. ಕೌತುಕದಲ್ಲಿ ಇನ್ನಷ್ಟು ನೋಡುವ ಆಸೆಯಿದೆ.

ಬೆರಗು ಇವುಗಳಿಗಿಂತ ಆಳ, ನಿಬ್ಬೆರಗು ಅದರ ತುದಿ. ನಿಬ್ಬೆರಗಾದವನು ಮಾತನ್ನೂ ಚಲನೆಯನ್ನೂ ಕಳೆದುಕೊಂಡಿರುತ್ತಾನೆ. ಮಾತು ಮಾತ್ರ ಹೋದರೆ ‘ಅವಾಕ್ಕಾಗು’ ಎಂಬ ಪದವಿದೆ. ಏನು ಮಾಡಬೇಕೆಂದು ತೋಚದ ಸ್ಥಿತಿಗೆ ತಬ್ಬಿಬ್ಬು, ಕಕ್ಕಾಬಿಕ್ಕಿ. ಇವುಗಳಲ್ಲಿ ಮೆಚ್ಚುಗೆಯ ಲೇಶವೂ ಇಲ್ಲ, ಮುಜುಗರವಿದೆ. ದಿಗ್ಭ್ರಮೆ ಇಂದಿನ ಬಳಕೆಯಲ್ಲಿ ಕೆಟ್ಟ ಸುದ್ದಿಗೆ ಮೀಸಲಾಗಿಬಿಟ್ಟಿದೆ. ಗಣ್ಯರ ಹಠಾತ್ ಸಾವಿನ ವರದಿಗಳಲ್ಲಿ ‘ದಿಗ್ಭ್ರಮೆ ವ್ಯಕ್ತಪಡಿಸಿದ್ದಾರೆ’ ಎಂಬುದು ಸಿದ್ಧ ವಾಕ್ಯ. ಗೆಲುವಿಗೆ ಯಾರೂ ದಿಗ್ಭ್ರಮೆ ವ್ಯಕ್ತಪಡಿಸುವುದಿಲ್ಲ.

ದೇಹವನ್ನು ಆಧರಿಸಿದ ನುಡಿಗಟ್ಟುಗಳು

ಹುಬ್ಬೇರಿಸು, ಕಣ್ಣರಳಿಸು, ಬಾಯಿ ಬಿಟ್ಟುಕೊಂಡು ನೋಡು, ಎವೆಯಿಕ್ಕದೆ ನೋಡು, ಕಂಬದಂತೆ ನಿಲ್ಲು, ಮೈ ಜುಮ್ಮೆನ್ನು, ಗರ ಬಡಿದಂತಾಗು ಇವು ಮುಖ್ಯ ನುಡಿಗಟ್ಟುಗಳು. ಏರಿದ ಹುಬ್ಬು, ಅರಳಿದ ಕಣ್ಣು, ತೆರೆದ ಬಾಯಿ ಎಂಬ ಮೂರೂ ಚಿಹ್ನೆಗಳನ್ನು ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ಭಾವಾಭಿವ್ಯಕ್ತಿಯ ಗ್ರಂಥದಲ್ಲಿ ಆಶ್ಚರ್ಯದ ಲಕ್ಷಣಗಳಾಗಿ ವಿವರಿಸಿದ್ದಾನೆ. ಈ ಮೂರೂ ದೇಹ ತಾನಾಗಿ ಮಾಡುವವು. ‘ಮೂಗಿನ ಮೇಲೆ ಬೆರಳಿಡು’ ಹಾಗಲ್ಲ. ಅದು ಕಲಿತು ಬಂದ ಮುದ್ರೆ. ತೋರುಬೆರಳು ಮೂಗಿನ ಮೇಲೆ ಅಥವಾ ಪಕ್ಕಕ್ಕೆ ಬಂದು, ತಲೆ ತುಸು ಓರೆಯಾಗಿ, ತುಟಿ ಮುಚ್ಚಿರುತ್ತದೆ. ಹಳೆಯ ತಲೆಮಾರಿನ ಹೆಂಗಸರಲ್ಲಿ ಈ ಮುದ್ರೆ ಇನ್ನೂ ಜೀವಂತವಾಗಿದೆ. ನುಡಿಗಟ್ಟಾಗಿ ಮಾತ್ರ ಅದು ಎಲ್ಲರ ಬರಹದಲ್ಲೂ ಇದೆ.

ಇಂಗ್ಲಿಷಿನಲ್ಲೂ ಇಂಥ ಪದಗಳ ಹಿಂದೆ ದೇಹವೂ ಸಿಡಿಲೂ ಇವೆ. ಅಸ್ಟಾನಿಷ್ ಎಂಬುದು ಗುಡುಗು ಎಂಬರ್ಥದ ಲ್ಯಾಟಿನ್ ಧಾತುವಿಗೆ ಸೇರಿದ್ದು. ಕನ್ನಡದ ‘ಸಿಡಿಲು ಬಡಿದಂತಾಗು’ ಅದಕ್ಕೆ ಹತ್ತಿರ. ಬ್ರಿಟನ್ನಿನ ಆಡುಮಾತಿನ ಗಾಬ್‌ಸ್ಮ್ಯಾಕ್ಡ್ ಎಂಬುದರಲ್ಲಿ ಬಾಯಿ ಮತ್ತು ಹೊಡೆತ ಎಂಬ ಎರಡು ಪದಗಳಿವೆ. ಫ್ಲ್ಯಾಬರ್‌ಗ್ಯಾಸ್ಟ್ 1772ರ ಹೊತ್ತಿಗೆ ಹೊಸ ಚಾಲ್ತಿಯ ಪದವಾಗಿ ದಾಖಲಾಗಿದ್ದು, ಅದರ ಮೂಲ ಖಚಿತವಾಗಿಲ್ಲ. ಇವಕ್ಕೆ ಕನ್ನಡದಲ್ಲಿ ಅವಾಕ್ಕಾಗು, ದಂಗುಬಡಿ, ಬೆಕ್ಕಸಬೆರಗಾಗು ಎಂಬುವು ಸಂದರ್ಭಾನುಸಾರ ಹೊಂದುತ್ತವೆ.

ಉದ್ಗಾರಗಳು

ಕನ್ನಡ ವ್ಯಾಕರಣ ಇವನ್ನು ಅವ್ಯಯಗಳಲ್ಲಿ, ಭಾವಸೂಚಕಗಳೆಂದು ವರ್ಗೀಕರಿಸುತ್ತದೆ. ಅಬ್ಬಾ, ಅಬ್ಬಬ್ಬಾ, ಆಹಾ, ಓಹೋ, ಅರೆ, ಅರರೆ, ಎಲಾ, ಎಲೆಲಾ, ಭಲಾ ಇವು ಪರಿಚಿತ. ಅಬ್ಬಾ ಪ್ರಮಾಣಕ್ಕೆ, ಆಹಾ ಸೊಗಸಿಗೆ, ಎಲಾ ಇನ್ನೊಬ್ಬನ ಜಾಣತನ ಅಥವಾ ಉದ್ಧಟತನಕ್ಕೆ ಹೊರಡುವ ದನಿ. ತಂದೆ, ತಾಯಿ, ದೈವಗಳನ್ನು ಕೂಗುವ ಪದಗಳೂ ಉದ್ಗಾರವಾಗುತ್ತವೆ: ಯಪ್ಪಾ, ಅಮ್ಮಮ್ಮಾ, ಶಿವಶಿವಾ. ಉತ್ತರ ಕರ್ನಾಟಕದಲ್ಲಿ ಯವ್ವಾ, ಕರಾವಳಿಯಲ್ಲಿ ಮಾರಾಯ್ರೇ ಇದೇ ಕೆಲಸ ಮಾಡುತ್ತವೆ. ಬರಹದಲ್ಲಿ ಇವುಗಳ ಜೊತೆಗೆ ಬರುವ ಆಶ್ಚರ್ಯಸೂಚಕ ಚಿಹ್ನೆ ಪಾಶ್ಚಾತ್ಯ ಮುದ್ರಣ ಪದ್ಧತಿಯ ಕೊಡುಗೆ. ಓಲೆಗರಿಯ ಲಿಪಿಕಾರನಿಗೆ ಅದು ಬೇಕಿರಲಿಲ್ಲ.

ಕಾವ್ಯಮೀಮಾಂಸೆಯಲ್ಲಿ

ಭರತನ ನಾಟ್ಯಶಾಸ್ತ್ರದಲ್ಲಿ ವಿಸ್ಮಯ ಸ್ಥಾಯಿಭಾವ, ಅದರಿಂದ ನಿಷ್ಪನ್ನವಾಗುವುದು ಅದ್ಭುತರಸ. ಅದರ ಬಣ್ಣ ಹಳದಿ, ಅಧಿದೇವತೆ ಬ್ರಹ್ಮ. ವೀರರಸದಿಂದ ಅದ್ಭುತ ಹುಟ್ಟುತ್ತದೆ ಎಂಬುದು ಭರತನ ಮತ. ದಿವ್ಯರ ದರ್ಶನ, ಬಯಸಿದ್ದು ಕೈಗೂಡುವುದು, ಮಾಯೆ, ಇಂದ್ರಜಾಲಗಳು ವಿಭಾವಗಳು. ಕಣ್ಣರಳುವುದು, ಎವೆಯಿಕ್ಕದ ನೋಟ, ರೋಮಾಂಚ, ಹರ್ಷ ಅನುಭಾವಗಳು. ಜೊತೆಗೆ ಎಣಿಸಿರುವ ಸ್ತಂಭ ಎಂಬ ಸಾತ್ತ್ವಿಕಭಾವ ಕನ್ನಡದ ‘ಕಂಬದಂತೆ ನಿಲ್ಲು’ ಎಂಬುದಕ್ಕೆ ಸರಿಸಮ. ಕನ್ನಡದಲ್ಲಿ ರಸವಿಚಾರವನ್ನು 16ನೆಯ ಶತಮಾನದ ಸಾಳ್ವನ ‘ರಸರತ್ನಾಕರ’ ನಿರೂಪಿಸಿದೆ. ಆಧುನಿಕ ಕಾಲದಲ್ಲಿ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇದರ ಪ್ರಮಾಣಗ್ರಂಥ.

ಕಾಶ್ಮೀರ ಶೈವದ ಶಿವಸೂತ್ರಗಳಲ್ಲಿ ವಿಸ್ಮಯಕ್ಕೆ ಇನ್ನೂ ಎತ್ತರದ ಸ್ಥಾನವಿದೆ. ಯೋಗದ ಭೂಮಿಕೆಗಳೇ ವಿಸ್ಮಯವೆಂದು ಅಲ್ಲಿ ಹೇಳಲಾಗಿದೆ. ಅಭಿನವಗುಪ್ತನ ಪರಂಪರೆಯಲ್ಲಿ ರಸಾನುಭವದ ಹೆಸರುಗಳಲ್ಲೊಂದು ‘ಚಮತ್ಕಾರ’. ಆ ಪದ ಕನ್ನಡದಲ್ಲಿ ಈಗ ಕೈಚಳಕ, ಜಾಣ್ಮೆಯ ಮಾತು ಎಂಬಷ್ಟಕ್ಕೆ ಇಳಿದಿದೆ.

ಕನ್ನಡ ಸಾಹಿತ್ಯದಲ್ಲಿ

ಪಂಪನ ‘ಆದಿಪುರಾಣ’ದಲ್ಲಿ (941) ನೀಲಾಂಜನೆಯ ನೃತ್ಯದ ಸಂದರ್ಭ ವಿಸ್ಮಯದ ಪ್ರಸಿದ್ಧ ನಿದರ್ಶನ. ಕುಣಿಯುತ್ತಿದ್ದ ಅಪ್ಸರೆಯ ಆಯುಷ್ಯ ಅಲ್ಲೇ ತೀರುತ್ತದೆ. ರಸಭಂಗವಾಗದಂತೆ ಇಂದ್ರ ಅದೇ ರೂಪದ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಇದು ತಿಳಿಯುವುದಿಲ್ಲ. ತಿಳಿದದ್ದು ಕಾವ್ಯದ ನಾಯಕನಾದ ಆದಿದೇವನಿಗೆ ಮಾತ್ರ, ಆ ಅರಿವು ವೈರಾಗ್ಯವಾಗಿ ತಿರುಗುತ್ತದೆ. ಎಲ್ಲರೂ ಮೆಚ್ಚಿ ನೋಡುತ್ತಿರುವಾಗ ಒಬ್ಬನ ವಿಸ್ಮಯ ಬೇರೆ ದಾರಿ ಹಿಡಿಯುವ ಈ ಸನ್ನಿವೇಶಕ್ಕೆ ಕನ್ನಡದಲ್ಲಿ ಸಾಟಿ ಕಡಿಮೆ.

12ನೆಯ ಶತಮಾನದ ವಚನಗಳಲ್ಲಿ ಬೆರಗು ಪಾರಿಭಾಷಿಕವಾಯಿತು. ಅಲ್ಲಮಪ್ರಭುವಿನ ವಚನಗಳಲ್ಲಿ ಬೆರಗು ಎಂಬುದು ಹೊರಗಿನ ಯಾವುದೋ ವಸ್ತು ತರಿಸುವ ಅಚ್ಚರಿಗಿಂತ ಮಿಗಿಲಾಗಿ, ಅರಿವು ಮಾತಿನ ಎಲ್ಲೆ ಮುಟ್ಟಿದಾಗಿನ ನಿಲುಗಡೆ. ನಿಬ್ಬೆರಗು ಅದರ ಕಡೆಯ ನೆಲೆ. ಇದನ್ನು ಬೆಡಗಿನಿಂದ ಬೇರ್ಪಡಿಸಿ ತಿಳಿಯಬೇಕು: ಬೆಡಗು ವಚನದ ಒಗಟಿನಂಥ ಕಟ್ಟಡ, ಬೆರಗು ಅದನ್ನು ಕಂಡವನ ಸ್ಥಿತಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಡಿ.ಆರ್. ನಾಗರಾಜ್ ಅವರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ (1999) ಅಲ್ಲಮನನ್ನು ಭಾರತೀಯ ಶೈವ ಚಿಂತನೆಗಳ ಜೊತೆಗಿಟ್ಟು ಓದಿದ ಪ್ರಮುಖ ಕೃತಿ. ವಚನಗಳ ಇಂಥ ಪರಿಭಾಷೆಯನ್ನು ಅರಿಯಲು ಅದು ನೆರವಾಗುತ್ತದೆ.

ಕುಮಾರವ್ಯಾಸನ ಭಾರತದಲ್ಲಿ ಬೆರಗು, ಚೋದ್ಯ, ಅಚ್ಚರಿ ಮೂರೂ ಧಾರಾಳ. 20ನೆಯ ಶತಮಾನದಲ್ಲಿ ವಿಸ್ಮಯ ಪದ ವಿಜ್ಞಾನದ ಬರಹಕ್ಕೆ ಬಂತು. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಮಿಲೇನಿಯಂ ಮಾಲೆಯಲ್ಲಿ ‘ವಿಸ್ಮಯ ವಿಶ್ವ’ ಎಂಬ ಹೆಸರಿನ ಪುಸ್ತಕಗಳಿವೆ. ಪವಾಡಕ್ಕೆ ಅಂಟಿಕೊಂಡಿದ್ದ ಪದವನ್ನು ಕೀಟ, ಹಕ್ಕಿ, ಕಾಡುಗಳತ್ತ ತಿರುಗಿಸಿದವರಲ್ಲಿ ಅವರು ಪ್ರಮುಖರು.

ಸೋಜಿಗ ಪದ ಮರುಚಾಲ್ತಿಗೆ ಬಂದದ್ದು ಜನಪದದಿಂದ. ಮಲೆ ಮಹದೇಶ್ವರನನ್ನು ಕುರಿತ ‘ಸೋಜುಗಾದ ಸೂಜುಮಲ್ಲಿಗೆ’ ಎಂಬ ಹಾಡು ಇತ್ತೀಚಿನ ವರ್ಷಗಳಲ್ಲಿ ವೇದಿಕೆಗಳಲ್ಲಿ ಹಬ್ಬಿ, 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲೂ ಬಳಕೆಯಾಯಿತು. ಅಲ್ಲಿನ ‘ಸೋಜುಗ’ ಸೋಜಿಗದ ಆಡುರೂಪ. ಪದದ ಅರ್ಥ ತಿಳಿಯದ ಎಳೆಯರ ನಾಲಗೆಯ ಮೇಲೂ ಹಾಡಿನ ಮೂಲಕ ಅದು ನೆಲೆಸಿದೆ.

ನಿಘಂಟುಗಳಲ್ಲಿ

ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ ಹೊರಬಂತು; ಫರ್ಡಿನೆಂಡ್ ಕಿಟೆಲ್ ಅವರದು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಕಿಟೆಲ್ ಕೋಶದ ವಿಶೇಷವೆಂದರೆ ತದ್ಭವಗಳಿಗೆ ಮೂಲವನ್ನೂ ದ್ರಾವಿಡ ಪದಗಳಿಗೆ ಸೋದರ ಭಾಷೆಗಳ ರೂಪಗಳನ್ನೂ ಕೊಡುವುದು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು 1970ರಿಂದ 1995ರವರೆಗೆ ಪ್ರಕಟಿಸಿತು, ಜಿ. ವೆಂಕಟಸುಬ್ಬಯ್ಯನವರು ಅದರ ಪ್ರಧಾನ ಸಂಪಾದಕರಾಗಿದ್ದರು. ಕಾವ್ಯ, ಶಾಸನಗಳ ಪ್ರಯೋಗಗಳನ್ನು ಉದಾಹರಿಸುವುದರಿಂದ ಒಂದು ಪದ ಕಾಲದುದ್ದಕ್ಕೂ ಹೇಗೆ ಅರ್ಥ ಬದಲಿಸಿತೆಂದು ತಿಳಿಯಲು ಇದಕ್ಕಿಂತ ದೊಡ್ಡ ಆಕರ ಕನ್ನಡದಲ್ಲಿಲ್ಲ. ಆಡುಮಾತಿನ ಪದಗಳ ವಿಷಯದಲ್ಲಿ ಮಾತ್ರ ಎಲ್ಲ ನಿಘಂಟುಗಳೂ ಹಿಂದಿವೆ.

ಪಶ್ಚಿಮ ಬೆಂಗಳೂರಿನ ಆಡುನುಡಿಯಲ್ಲಿ

ನಿಘಂಟುಗಳು ಹಿಡಿಯದ ಆಡುಮಾತಿಗೆ ಪಶ್ಚಿಮ ಬೆಂಗಳೂರು ಒಂದು ಉದಾಹರಣೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳು ಬೆಂಗಳೂರಿನಲ್ಲಿ ಕನ್ನಡ ದಟ್ಟವಾಗಿ ಕೇಳುವ ಭಾಗಗಳು. ಮಂಡ್ಯ, ಹಾಸನ, ತುಮಕೂರು, ಉತ್ತರ ಕರ್ನಾಟಕಗಳಿಂದ ಬಂದು ನೆಲೆಸಿದವರ ನುಡಿಗಳು ಇಲ್ಲಿ ಕಲೆತಿವೆ. ಇಲ್ಲಿನ ಆಡುಮಾತಿನಲ್ಲಿ ಬೆರಗು, ಅಚ್ಚರಿಗಳು ಅಪರೂಪ. ಆಶ್ಚರ್ಯ ಇದೆ, ಅದಕ್ಕಿಂತ ಹೆಚ್ಚಾಗಿ ಮರುಪ್ರಶ್ನೆಯೇ ಅಚ್ಚರಿಯ ಕೆಲಸ ಮಾಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ವಿಜಯನಗರದ ಹೂವಿನಂಗಡಿಯ ಮುಂದೆ ಮಾರು ಮಲ್ಲಿಗೆಯ ಬೆಲೆ ಕೇಳಿದವರು ಹೇಳುವುದು ‘ಅಷ್ಟಾ!’ ಎಂದು. ಕೊನೆಯ ಆಕಾರ ಉದ್ದವಾದಷ್ಟೂ ಅಚ್ಚರಿ ಹೆಚ್ಚು. ‘ಹೌದಾ!’, ‘ನಿಜವಾಗ್ಲೂನಾ!’, ‘ಏನ್ ಗುರು ಇದು!’ ಎಂಬುವೂ ಇದೇ ಜಾತಿಯವು. ಉರ್ದುವಿನಲ್ಲಿ ಗಟ್ಟಿ, ಕಠಿಣ ಎಂಬರ್ಥದ ‘ಸಖ್ತ್’ ಇಲ್ಲಿ ‘ಸಖತ್’ ಆಗಿ ಮೆಚ್ಚುಗೆಯ ತುದಿಯಾಗಿದೆ. ಜೊತೆಗೆ ಬೊಂಬಾಟ್ ಇದೆ.

ಇಂಗ್ಲಿಷಿನಿಂದ ಬಂದ ಶಾಕ್, ಸರ್‌ಪ್ರೈಸ್, ವಾವ್ ಈಗ ಎಲ್ಲ ವಯಸ್ಸಿನವರ ಮಾತಿನಲ್ಲಿವೆ. ಇವು ಕನ್ನಡದ ಹಳೆಯ ವಿಭಕ್ತಿ ನಿಯಮವನ್ನೇ ಪಾಲಿಸುತ್ತವೆ. ‘ನಂಗೆ ಸರ್‌ಪ್ರೈಸ್ ಆಯ್ತು’ ಎಂಬುದು ಆಶ್ಚರ್ಯದ ಮಾದರಿ; ‘ನಾನು ಶಾಕ್ ಆದೆ’ ಎಂಬುದು ಬೆರಗಿನ ಮಾದರಿ, ಅದಕ್ಕೆ ‘ನಂಗೆ ಶಾಕ್ ಆಯ್ತು’ ಎಂಬ ಇನ್ನೊಂದು ರೂಪವೂ ಇದೆ. ಪದ ಹೊರಗಿನದಾದರೂ ವಾಕ್ಯದ ಚೌಕಟ್ಟು ಅಲುಗಿಲ್ಲ.

ಗ್ರಾಂಥಿಕ ರೂಪಗಳು ಈ ಭಾಗದಲ್ಲಿ ಜೋರಾಗಿ ಕೇಳುವುದು ಪೌರಾಣಿಕ ನಾಟಕಗಳಲ್ಲಿ. ಮಲ್ಲತ್ತಹಳ್ಳಿಯ ಕಲಾಗ್ರಾಮದಂಥ ರಂಗಮಂದಿರಗಳಲ್ಲಿ ಹವ್ಯಾಸಿ ತಂಡಗಳು ಆಡುವ ಕುರುಕ್ಷೇತ್ರದಂಥ ನಾಟಕಗಳಲ್ಲಿ ಹಾರ್ಮೋನಿಯಂ ನಿಂತ ಕೂಡಲೇ ‘ಏನಾಶ್ಚರ್ಯ!’, ‘ಪರಮಾಶ್ಚರ್ಯ!’ ಎಂಬ ಮಾತು ರಂಗದ ತುಂಬ ಮೊಳಗುತ್ತದೆ. ಹಗಲು ಕಾರ್ಖಾನೆ, ಅಂಗಡಿ, ಆಟೊಗಳಲ್ಲಿ ದುಡಿಯುವ ಕಲಾವಿದರ ಬಾಯಲ್ಲಿ ಆ ಸಂಸ್ಕೃತ ಸಮಾಸ ತಡವರಿಸದೆ ಬರುತ್ತದೆ.

ಈಗಿನ ಸ್ಥಿತಿ

ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳಲ್ಲಿ ಅಚ್ಚರಿ ಮೊದಲ ಸ್ಥಾನದಲ್ಲಿದೆ: ಅಚ್ಚರಿಯ ಫಲಿತಾಂಶ, ಅಚ್ಚರಿಯ ಅಭ್ಯರ್ಥಿ. ಹೀಗೆ ಅದು ‘ಅನಿರೀಕ್ಷಿತ’ ಎಂಬಷ್ಟೇ ಅರ್ಥಕ್ಕೆ ತೆಳುವಾಗುತ್ತಿದೆ. ಅದ್ಭುತದ ಅರ್ಥವೂ ಇಳಿದಿದೆ. ‘ಜಗತ್ತಿನ ಏಳು ಅದ್ಭುತಗಳು’ ಎಂಬಲ್ಲಿ ಹಳೆಯ ತೂಕ ಉಳಿದಿದ್ದರೂ, ದಿನಬಳಕೆಯಲ್ಲಿ ಚೆನ್ನಾಗಿರುವ ದೋಸೆಯೂ ಅದ್ಭುತವೇ. ವಿಸ್ಮಯ ಮಕ್ಕಳ ವಿಜ್ಞಾನ ಪುಸ್ತಕಗಳ ಶೀರ್ಷಿಕೆಗಳಲ್ಲಿ ಸ್ಥಿರವಾಗಿದೆ, ವ್ಯಕ್ತಿನಾಮವಾಗಿಯೂ ಬಳಕೆಯಲ್ಲಿದೆ. ಮನಶ್ಶಾಸ್ತ್ರದ ಕನ್ನಡ ಬರಹಗಳಲ್ಲಿ ಮೂಲಭಾವಗಳ ಪಟ್ಟಿಯ ಪಾರಿಭಾಷಿಕ ಪದ ಆಶ್ಚರ್ಯ.

ಚೋದ್ಯ ಬರಹದಲ್ಲಿ ವಿರಳವಾಗಿ, ವಿಡಂಬನೆಯ ಛಾಯೆಯಲ್ಲಿ ಮಾತ್ರ ಕಾಣುತ್ತದೆ. ಬೆಕ್ಕಸಬೆರಗು ಪ್ರವಾಸ ಲೇಖನ, ಪುರಾಣ ಕಥನ, ಕ್ರೀಡಾ ವರದಿಗಳಲ್ಲಿ ಉಳಿದಿದೆ. ಬೆರಗು ಕವಿತೆ, ವಿಮರ್ಶೆ, ಲಲಿತ ಪ್ರಬಂಧಗಳಲ್ಲಿ ತನ್ನ ತೂಕ ಕಳೆದುಕೊಳ್ಳದೆ ಚಾಲ್ತಿಯಲ್ಲಿದೆ. ಈ ಗುಂಪಿನ ಪದಗಳಲ್ಲಿ ಅರ್ಥ ಅತಿ ಕಡಿಮೆ ಸವೆದಿರುವುದು ಇದರದೇ.